ಹೆಣ್ಣಿಲಿಯನ್ನೂ ಸಿನಾಪ್ಸಿಸ್‌ಗೆ ಸೇರಿಸಿ: ಮಾನಸಿಕ ಕಾಯಿಲೆಯ ಔಷಧ ಪರೀಕ್ಷಿಸುವವರಿಗೆ ಮಾರ್ಗದರ್ಶಿ

ಸಿನಾಪ್ಸಿಸ್, ಅಂದರೆ ಪ್ರಯೋಗಕ್ಕೆ ಮೊದಲು ಬರೆದುಕೊಡುವ ಯೋಜನೆಯ ಸಾರಾಂಶ, ಕೊಡುವ ಸಮಯ ಬಂತು ಅಂದರೆ ನನ್ನ ಟೇಬಲ್ ಮೇಲೆ ಒಂದೇ ಥರದ ಕಾಗದಗಳು ಬಂದು ಬೀಳುತ್ತವೆ. ಯಾವುದೋ ಗಿಡದ ಎಲೆಯ ಸಾರ, ಅದಕ್ಕೆ ಖಿನ್ನತೆ ಕಳೆಯುವ ಗುಣ ಇದೆಯಾ ಅಂತ ನೋಡುವ ಯೋಜನೆ. ಐದು ಗುಂಪು, ಗುಂಪಿಗೆ ಆರು ಇಲಿ. ನಮ್ಮ ಕಲಬುರಗಿ ಕಡೆ ಊಟಕ್ಕೆ ಜೋಳದ ರೊಟ್ಟಿ ಹೇಗೋ, ಎಂ.ಫಾರ್ಮ್ (ಫಾರ್ಮಸಿ ಸ್ನಾತಕೋತ್ತರ) ಪ್ರಾಜೆಕ್ಟ್‌ಗೆ ಈ ‘ಐದಾರ್ಲೆ ಮೂವತ್ತು’ ಹಾಗೆ. ಎಲ್ಲದರಲ್ಲೂ ಇರುವ ಇನ್ನೊಂದು ಸಾಲು: ‘ಗಂಡು ವಿಸ್ಟಾರ್ ಇಲಿಗಳು, ತೂಕ 180–220 ಗ್ರಾಂ.’ ವಿಸ್ಟಾರ್ ಅಂದರೆ ಲ್ಯಾಬಿನ ಬಿಳಿ ಇಲಿಯ ಒಂದು ತಳಿ.

ಹೋದ ಸಲ ಯಾದಗಿರಿ ಕಡೆಯ ಹುಡುಗಿಯೊಬ್ಬಳನ್ನು ಕೇಳಿದೆ, ಗಂಡೇ ಯಾಕಮ್ಮಾ ಅಂತ. “ಎಲ್ಲಾರೂ ಹಂಗೇ ಬರ್ದಾರ್ರೀ ಮೇಡಂ” ಅಂದಳು. ಪುಟ ತಿರುಗಿಸಿದೆ. ಅದೇ ಸಿನಾಪ್ಸಿಸ್‌ನಲ್ಲಿ ವಿಷಪರೀಕ್ಷೆಗೆ ಮಾತ್ರ ಹೆಣ್ಣು ಇಲಿ ಅಂತ ಬರೆದಿದ್ದಳು. ತಪ್ಪೇನಲ್ಲ, ವಿಷಪರೀಕ್ಷೆಗೆ ಎಲ್ಲರೂ ಅನುಸರಿಸುವ ಒಇಸಿಡಿ (ಹಲವು ದೇಶಗಳು ಸೇರಿದ ಅಂತರರಾಷ್ಟ್ರೀಯ ಸಂಸ್ಥೆ) 425 ಮಾರ್ಗಸೂಚಿಯೇ ಹಾಗೆ ಹೇಳುತ್ತದೆ: ಸಾಮಾನ್ಯವಾಗಿ ಹೆಣ್ಣನ್ನೇ ಬಳಸಿ, ವ್ಯತ್ಯಾಸ ಕಂಡ ಕಡೆಗಳಲ್ಲಿ ಹೆಣ್ಣೇ ಸ್ವಲ್ಪ ಜಾಸ್ತಿ ಸೂಕ್ಷ್ಮ. “ಸಾಯೋ ಡೋಸ್ ನೋಡೋಕೆ ಹೆಣ್ಣು, ಗುಣ ಆಗೋ ಡೋಸ್ ನೋಡೋಕೆ ಗಂಡಾ?” ಅಂದೆ. ನಕ್ಕಳು. ಆಮೇಲೆ ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂತಳು.

ಅವತ್ತು ಮಧ್ಯಾಹ್ನ ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಫಾರ್ಮಸಿ, ಪಶುವೈದ್ಯ, ಪ್ರಾಣಿಶಾಸ್ತ್ರ ಓದುವವರಿಗೆ ಇದು ನೇರ ಉಪಯೋಗಕ್ಕೆ ಬರಬಹುದು. ‘ಇಲಿಗಳ ಮೇಲೆ ಹೊಸ ಮಾತ್ರೆ ಯಶಸ್ವಿ’ ಅನ್ನುವ ಸುದ್ದಿ ಓದಿ, ಅದನ್ನು ಎಷ್ಟು ನಂಬಬೇಕು ಅಂತ ಯೋಚಿಸುವವರಿಗೂ ಬೇಕಾದೀತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಇಲಿ ಅಂದರೆ ದೊಡ್ಡದು, ರ್ಯಾಟ್. ಸಣ್ಣದನ್ನು ಮೈಸ್ ಅನ್ನುತ್ತೇನೆ. ಒಂದೇ ಇದ್ದರೂ ನಮ್ಮ ಲ್ಯಾಬುಗಳಲ್ಲಿ ಅದು ಮೈಸೇ.

ಗಂಡೇ ಯಾಕೆ ಅನ್ನುವ ಹಳೇ ಕಥೆ

ಹೆಣ್ಣಿಗೆ ನಾಲ್ಕೈದು ದಿನಕ್ಕೊಮ್ಮೆ ಬೆದೆಯ ಚಕ್ರ ತಿರುಗುತ್ತದೆ, ಹಾರ್ಮೋನ್ ಏರಿಳಿಯುತ್ತದೆ, ಅದರಿಂದ ಫಲಿತಾಂಶ ಚದುರಿಹೋಗುತ್ತದೆ ಅನ್ನುವುದು ಹಳೇ ವಾದ. ಕೇಳೋಕೆ ಸರಿ ಅನ್ನಿಸುತ್ತದೆ. ಈ ವಾದದ ಮೇಲೆ ಎಷ್ಟು ಕೆಲಸ ನಡೆದುಹೋಯಿತು ಅಂದರೆ, 2011ರಲ್ಲಿ ಅನ್ಲೀಸ್ ಬೀರಿ ಮತ್ತು ಅರ್ವಿಂಗ್ ಝುಕರ್ ಲೆಕ್ಕ ಹಾಕಿದಾಗ ನರವಿಜ್ಞಾನದಲ್ಲಿ ಹೆಣ್ಣನ್ನು ಮಾತ್ರ ಬಳಸಿದ ಒಂದು ಅಧ್ಯಯನಕ್ಕೆ ಗಂಡನ್ನು ಮಾತ್ರ ಬಳಸಿದ 5.5 ಅಧ್ಯಯನಗಳಿದ್ದವು. ಆದರೆ ಮನುಷ್ಯರಲ್ಲಿ ಖಿನ್ನತೆ ಹೆಂಗಸರಿಗೆ ಗಂಡಸರಿಗಿಂತ ಸುಮಾರು ಎರಡು ಪಟ್ಟು. ಕಾಯಿಲೆ ಒಬ್ಬರಿಗೆ ಜಾಸ್ತಿ, ಪರೀಕ್ಷೆ ಇನ್ನೊಬ್ಬರ ಮೇಲೆ.

ಆ ವಾದವನ್ನು ದೊಡ್ಡ ಪ್ರಮಾಣದಲ್ಲಿ ತೂಗಿ ನೋಡಿದ್ದು ತಡವಾಗಿ. 2014ರಲ್ಲಿ ಪ್ರೆಂಡರ್‌ಗಾಸ್ಟ್ ಮತ್ತು ಸಂಗಡಿಗರು 293 ಲೇಖನಗಳನ್ನು ಒಟ್ಟು ಹಾಕಿ ನೋಡಿದರು. ಚಕ್ರದ ಯಾವ ಹಂತ ಅಂತ ಗಮನಿಸದೇ ಬಳಸಿದರೂ ಹೆಣ್ಣು ಮೈಸ್‌ನ ಅಂಕಿಗಳು ಗಂಡಿಗಿಂತ ಜಾಸ್ತಿ ಚದುರಿರಲಿಲ್ಲ. 2016ರಲ್ಲಿ ಇಲಿಗಳಲ್ಲೂ ಅದೇ ಕಂಡಿತು. ಗಂಡಿನ ಕಥೆ ನೋಡಿ: ಒಂದೇ ಪಂಜರದಲ್ಲಿ ಗಂಡು ಮೈಸ್ ಇಟ್ಟರೆ ಕಚ್ಚಾಡಿ ಒಬ್ಬ ಯಜಮಾನ ಆಗುತ್ತಾನೆ, ಉಳಿದವರು ಮೂಲೆ ಸೇರುತ್ತಾರೆ. ಆ ಯಜಮಾನನ ಟೆಸ್ಟೊಸ್ಟೆರಾನಿಗೂ ಮೂಲೆಯಲ್ಲಿರುವವನದ್ದಕ್ಕೂ ಎಷ್ಟು ಅಂತರ! ಅದನ್ನು ಯಾರೂ ‘ಹಾರ್ಮೋನ್ ತೊಂದರೆ’ ಅನ್ನಲಿಲ್ಲ ನೋಡಿ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್ಐಎಚ್, 2014ರಲ್ಲಿ ಈ ಬಗ್ಗೆ ಹೇಳಿ 2016ರಿಂದ ನಿಯಮ ತಂದಿತು. ಅವರ ಹಣ ಬೇಕಾದರೆ ಎರಡೂ ಲಿಂಗ ಬಳಸಿ, ಇಲ್ಲದಿದ್ದರೆ ಗಟ್ಟಿ ಕಾರಣ ಕೊಡಿ.

ಹೆಜ್ಜೆ 1: ಪ್ರಶ್ನೆ ಯಾವುದು ಅಂತ ಮೊದಲು ಬರೆದುಕೊಳ್ಳಿ

ಎರಡು ಪ್ರಶ್ನೆಗಳಿವೆ. ಎರಡೂ ಒಂದೇ ಥರ ಕಾಣುತ್ತವೆ, ಆದರೆ ಬೇರೆ. ‘ಈ ಔಷಧ ಕೆಲಸ ಮಾಡುತ್ತದಾ?’ ಅನ್ನುವುದು ಒಂದು. ‘ಈ ಔಷಧ ಗಂಡು ಹೆಣ್ಣಿನಲ್ಲಿ ಬೇರೆ ಬೇರೆ ಥರ ಕೆಲಸ ಮಾಡುತ್ತದಾ?’ ಅನ್ನುವುದು ಇನ್ನೊಂದು. ಎಂ.ಫಾರ್ಮ್‌ನವರಿಗೆ ಬಹುತೇಕ ಮೊದಲನೆಯದೇ ಸಾಕು. ಅದಕ್ಕೆ ಎರಡೂ ಲಿಂಗ ಬೇಕು, ಆದರೆ ಜಾಸ್ತಿ ಇಲಿ ಬೇಡ. ಎರಡನೇ ಪ್ರಶ್ನೆ ಪಿಎಚ್‌ಡಿಯವರದ್ದು. ಅದಕ್ಕೆ ದುಡ್ಡೂ ಬೇಕು, ಇಲಿಯೂ ಬೇಕು, ತಾಳ್ಮೆಯೂ ಬೇಕು.

ಹೆಜ್ಜೆ 2: ಇರುವ ಇಲಿಗಳನ್ನೇ ಅರ್ಧ ಅರ್ಧ ಮಾಡಿ

“ಮೇಡಂ, ಮೂವತ್ತರ ಬದ್ಲಿ ಅರವತ್ತು ಇಲಿ ತರಬೇಕೇನ್ರೀ?” ಅಂತ ಎಲ್ಲರೂ ಗಾಬರಿಯಾಗುತ್ತಾರೆ. ಬೇಡ.

ಒಂದು ಗುಂಪಿನಲ್ಲಿ ಎಂಟು ಇಲಿ ಅಂದುಕೊಳ್ಳಿ. ನಾಲ್ಕು ಗಂಡು, ನಾಲ್ಕು ಹೆಣ್ಣು. ಔಷಧ ಕೊಟ್ಟ ಗುಂಪನ್ನು ಕೊಡದ ಗುಂಪಿನ ಜೊತೆ ಹೋಲಿಸುವಾಗ ನಿಮ್ಮ ಬಳಿ ಎಂಟರ ಎದುರು ಎಂಟೇ ಇರುತ್ತವೆ. ಗಂಡು ಹೆಣ್ಣಿನ ಮೂಲ ವ್ಯತ್ಯಾಸವನ್ನು ಟೂ-ವೇ ಅನೋವಾ ಅನ್ನುವ ಸಂಖ್ಯಾಶಾಸ್ತ್ರದ ಲೆಕ್ಕ ತನ್ನ ಪಾಡಿಗೆ ಬೇರೆ ಮಾಡಿ ಇಡುತ್ತದೆ. ಹಾಗಾಗಿ ಔಷಧದ ಪರಿಣಾಮ ಕಂಡುಹಿಡಿಯುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಉತ್ತರ ಮಾತ್ರ ಎರಡೂ ಲಿಂಗಕ್ಕೆ ಸೇರಿದ್ದಾಗುತ್ತದೆ.

ಆರು ಇಲಿಯ ಗುಂಪಿದ್ದರೆ ಮೂರು-ಮೂರು. ನಡೆಯುತ್ತದೆ, ಆದರೆ ಒಂದು ಸತ್ತರೆ ಎರಡೇ ಉಳಿಯುತ್ತವೆ. ನನ್ನ ಸಲಹೆ, ಐದು ಗುಂಪಿನಲ್ಲಿ ನಿಜವಾಗಿ ಬೇಡದ್ದೊಂದನ್ನು ಬಿಡಿ. ನಾಲ್ಕು ಗುಂಪು, ಎಂಟೆಂಟು ಇಲಿ, ಒಟ್ಟು 32. ಆ ಹುಡುಗಿಯ ಯೋಜನೆಯಲ್ಲಿ ‘ನಾರ್ಮಲ್ ಕಂಟ್ರೋಲ್’ ಅಂತ ಒಂದು, ‘ವೆಹಿಕಲ್ ಕಂಟ್ರೋಲ್’ (ಔಷಧ ಬೆರೆಸುವ ದ್ರವವನ್ನಷ್ಟೇ ಕೊಡುವ ಗುಂಪು) ಅಂತ ಇನ್ನೊಂದು ಇತ್ತು. ಎರಡಕ್ಕೂ ಬಾಯಿಗೆ ಹಾಕುವುದು ಬರೀ ನೀರು! ಒಂದನ್ನು ಹೊಡೆದು ಹಾಕಿದೆವು.

ಎರಡನೇ ಪ್ರಶ್ನೆ ಕೇಳುವವರಿಗೆ ಮಾತ್ರ ಒಂದು ಎಚ್ಚರಿಕೆ. ಔಷಧದ ಸರಾಸರಿ ಪರಿಣಾಮ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಗಂಡು-ಹೆಣ್ಣಿನ ಅಂತರವನ್ನು ಅಷ್ಟೇ ಖಚಿತವಾಗಿ ಹಿಡಿಯಬೇಕಾದರೆ ನಾಲ್ಕು ಪಟ್ಟು ಪ್ರಾಣಿ ಬೇಕು. ನಾಲ್ಕು-ನಾಲ್ಕರಲ್ಲಿ ಅದು ಆಗುವ ಮಾತಲ್ಲ.

ಹೆಜ್ಜೆ 3: ಫಾರ್ಮ್ ಬಿ

ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿಯನ್ನು ಮೊದಲು ಸಿಪಿಸಿಎಸ್‌ಇಎ ಅನ್ನುತ್ತಿದ್ದೆವು, ಈಗ ಸಿಸಿಎಸ್‌ಇಎ. ಕಾಲೇಜಿನ ಪ್ರಾಣಿ ನೈತಿಕ ಸಮಿತಿಗೆ ಕೊಡುವ ಫಾರ್ಮ್ ಬಿ ಅದೇ ಇದೆ. ಅದರಲ್ಲಿ ಪ್ರಾಣಿಯ ಜಾತಿ, ವಯಸ್ಸು, ತೂಕ, ಲಿಂಗ, ಸಂಖ್ಯೆ ಬರೆಯಲೇಬೇಕು. ಲಿಂಗದ ಕಾಲಂನಲ್ಲಿ ‘ಎರಡೂ’ ಅಂತ ಸುಮ್ನೆ ಬರೆದು ಬಿಡಬೇಡಿ. ಗುಂಪಿಗೆ ಎಷ್ಟು ಗಂಡು, ಎಷ್ಟು ಹೆಣ್ಣು ಅಂತ ಬಿಡಿಸಿ ಬರೆಯಿರಿ. ಸಂಖ್ಯೆಗೆ ಕಾರಣ ಕೇಳುವ ಜಾಗದಲ್ಲಿ ಮೇಲಿನ ಲೆಕ್ಕ ಹಾಕಿ. ಸಮಿತಿಯಲ್ಲಿ ಯಾರಾದರೂ ‘ಹೆಣ್ಣು ಯಾಕೆ’ ಅಂತ ಕೇಳಿದರೆ, ಆ 425ರ ಪುಟ ತೆಗೆದು ತೋರಿಸಿ. ನನ್ನ ಅನುಭವದಲ್ಲಿ ಅಷ್ಟಕ್ಕೇ ಚರ್ಚೆ ಮುಗಿಯುತ್ತದೆ.

ಹೆಜ್ಜೆ 4: ತೂಕಕ್ಕೆ ತೂಕ ಹೊಂದಿಸಬೇಡಿ

ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಇಲ್ಲೇ ಜಾಸ್ತಿ ಜನ ಬೀಳುತ್ತಾರೆ. ‘ಎರಡೂ ಲಿಂಗ, 180–220 ಗ್ರಾಂ’ ಅಂತ ಆರ್ಡರ್ ಕೊಟ್ಟಿರಿ ಅನ್ನಿ. ಗಂಡು ವಿಸ್ಟಾರ್ ಬೇಗ ದಪ್ಪ ಆಗುತ್ತದೆ. 200 ಗ್ರಾಂ ತೂಗುವ ಗಂಡು ಸುಮಾರು ಆರೇಳು ವಾರದ್ದು, ಇನ್ನೂ ಹುಡುಗ. ಅದೇ ತೂಕದ ಹೆಣ್ಣು ಹತ್ತು ವಾರದ ಆಸುಪಾಸಿನದ್ದು, ಪೂರ್ತಿ ಬೆಳೆದ ಹೆಂಗಸು. ನೀವು ಲಿಂಗ ಹೋಲಿಸುತ್ತಿದ್ದೇನೆ ಅಂದುಕೊಂಡು ವಯಸ್ಸನ್ನು ಹೋಲಿಸುತ್ತಿರುತ್ತೀರಿ. ಆರ್ಡರ್ ವಾರದ ಲೆಕ್ಕದಲ್ಲಿ ಕೊಡಿ, ಹುಟ್ಟಿದ ತಾರೀಕು ಕೇಳಿ. ತೂಕ ಹೇಗೂ ಬೇರೆ ಬೇರೆ ಬರುತ್ತದೆ, ಡೋಸನ್ನು ಕೆ.ಜಿ.ಗೆ ಇಷ್ಟು ಮಿ.ಗ್ರಾಂ ಅಂತ ಹಾಕುವುದು ಅದಕ್ಕೇ ತಾನೇ.

ಹೆಜ್ಜೆ 5: ಪಂಜರ, ಕೋಣೆ, ಮುಟ್ಟುವ ಕೈ

ಇಲ್ಲಿ ನಾನೇ ಮಾಡಿಕೊಂಡ ಎಡವಟ್ಟು ಹೇಳಬೇಕು. ಬಹಳ ಹಿಂದೆ, ಬೇರೊಂದು ಕಡೆ ಕೆಲಸ ಮಾಡುವಾಗ, ಗಂಡು ಇಲಿಗಳನ್ನು ಒಂದು ಕೋಣೆಯಲ್ಲಿ, ಹೆಣ್ಣನ್ನು ಪಕ್ಕದ ಕೋಣೆಯಲ್ಲಿ ಇಟ್ಟೆವು. ಅಚ್ಚುಕಟ್ಟಾಗಿದೆ ಅಂತ ಖುಷಿ ಪಟ್ಟೆ. ಹೆಣ್ಣಿನ ಕೋಣೆಯ ಗೋಡೆ ಪಡುವಣಕ್ಕಿತ್ತು. ಮೇ ತಿಂಗಳು. ನಮ್ಮ ಕಡೆ ಮೇ ಅಂದರೆ ಗೊತ್ತಲ್ಲ, ಹೊರಗೆ ನಲವತ್ತರ ಮೇಲೆ. ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು. ಜನರೇಟರ್ ಶುರುವಾಗುವಷ್ಟರಲ್ಲಿ ಆ ಗೋಡೆ ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಹೆಣ್ಣಿಲಿಗಳು ನೀರಿನ ಬಾಟಲಿ ಬುಡದಲ್ಲಿ ಕೈಕಾಲು ಚಾಚಿ ಬಿದ್ದಿರುತ್ತಿದ್ದವು. ಔಷಧದಿಂದ ಹೆಣ್ಣಿನಲ್ಲಿ ಮಂಕು ಜಾಸ್ತಿ ಅಂತ ನಾನು ಮೂರು ವಾರ ಬರೆದುಕೊಂಡೆ. ಅಟೆಂಡರ್ ಒಬ್ಬರು ಒಂದಿನ ಗೋಡೆಗೆ ಕೈ ಇಟ್ಟು, “ಮೇಡಂರೀ, ಇದು ಗುಳಿಗಿ ಮಂಕಲ್ರೀ, ಬಿಸಿಲಿಂದು” ಅಂದರು. ಅಷ್ಟೂ ಅಂಕಿ ಕಸದ ಬುಟ್ಟಿಗೆ.

ಹಾಗಾಗಿ ಒಂದೇ ಕೋಣೆ, ಬೇರೆ ಪಂಜರ. ಪ್ರತಿ ರ‍್ಯಾಕಿನಲ್ಲೂ ಎರಡೂ ಲಿಂಗ ಇರಲಿ. ಉಷ್ಣಾಂಶ 22 ಡಿಗ್ರಿ, ಮೂರು ಡಿಗ್ರಿ ಆಚೆ ಈಚೆ. ಕಲಬುರಗಿಯಲ್ಲಿ ಬೇಸಿಗೆಗೆ ಪ್ರಯೋಗ ಇಟ್ಟುಕೊಳ್ಳಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಇಲಿ ಹೈದರಾಬಾದಿನಿಂದ ಬರಲಿ, ಬೆಂಗಳೂರಿನಿಂದ ಬರಲಿ, ಪ್ರಯಾಣದ ಸುಸ್ತು ಇದ್ದೇ ಇರುತ್ತದೆ. ಒಇಸಿಡಿ ಕನಿಷ್ಠ ಐದು ದಿನ ಸುಧಾರಿಸಿಕೊಳ್ಳಲಿ ಅನ್ನುತ್ತದೆ. ಹೆಣ್ಣಿಗೆ ನಾನು ಹತ್ತು ದಿನ ಕೊಡುತ್ತೇನೆ, ಚಕ್ರ ಮತ್ತೆ ಹಳಿಗೆ ಬರಲಿ ಅಂತ.

ಮೈಸ್ ಬಳಸುವವರು ಇನ್ನೆರಡು ತಿಳಿದಿರಿ. ಹೆಣ್ಣುಗಳನ್ನೇ ಗುಂಪಾಗಿ ಒತ್ತೊತ್ತಾಗಿ ಇಟ್ಟರೆ ಚಕ್ರ ನಿಧಾನವಾಗುತ್ತದೆ, ನಿಂತೇ ಹೋಗಲೂಬಹುದು. ಇದನ್ನು 1955ರಲ್ಲೇ ಗುರುತಿಸಿದ್ದಾರೆ. ಗಂಡಿನ ಮೂತ್ರದ ವಾಸನೆ ಬಂದರೆ ನಿಂತ ಚಕ್ರ ಒಟ್ಟೊಟ್ಟಿಗೆ ಶುರುವಾಗುತ್ತದೆ. ಇದು ವಿಟ್ಟನ್ ಪರಿಣಾಮ, 1956ರದ್ದು. ಅಂದರೆ ಗಂಡಿನ ಪಂಜರದಲ್ಲಿ ಹಾಸಿದ್ದ ಹಳೇ ಹೊಟ್ಟು ಹೆಣ್ಣಿನ ಪಂಜರಕ್ಕೆ ಬಿದ್ದರೂ ಲೆಕ್ಕ ಬದಲಾಗುತ್ತದೆ.

ಇನ್ನು ಮುಟ್ಟುವ ಕೈ. ನಂಬೋಕೆ ಕಷ್ಟ, ಆದರೆ 2014ರಲ್ಲಿ ಕೆನಡಾದ ಜೆಫ್ರಿ ಮೊಗಿಲ್ ತಂಡ ತೋರಿಸಿತು: ಗಂಡಸರು ಹತ್ತಿರ ಇದ್ದರೆ, ಕೊನೆಗೆ ಗಂಡಸು ಹಾಕಿಕೊಂಡ ಟೀಶರ್ಟ್ ಇಟ್ಟರೂ, ಇಲಿ ಮತ್ತು ಮೈಸ್‌ಗೆ ಒತ್ತಡ ಏರಿ ನೋವು ತೋರಿಸುವುದು ಕಡಿಮೆಯಾಗುತ್ತದೆ. 2022ರಲ್ಲಿ ಮೇರಿಲ್ಯಾಂಡ್‌ನ ತಂಡವೊಂದು ಇನ್ನೂ ಮುಂದೆ ಹೋಯಿತು. ಕೆಟಮಿನ್ (ಅರಿವಳಿಕೆ ಔಷಧ, ಖಿನ್ನತೆಗೂ ಬಳಸುತ್ತಾರೆ) ಅನ್ನು ಗಂಡಸರು ಚುಚ್ಚಿದಾಗ ಮೈಸ್‌ನಲ್ಲಿ ಖಿನ್ನತೆ ಇಳಿಸುವ ಗುಣ ಕಂಡಿತು, ಹೆಂಗಸರು ಚುಚ್ಚಿದಾಗ ಕಾಣಲಿಲ್ಲ. ನಮ್ಮಲ್ಲಿ ಏನಾಗುತ್ತದೆ? ಬೆಳಿಗ್ಗೆ ಹುಡುಗಿ ಚುಚ್ಚುತ್ತಾಳೆ, ಅವಳು ಊರಿಗೆ ಹೋದ ದಿನ ಜೂನಿಯರ್ ಹುಡುಗ ಚುಚ್ಚುತ್ತಾನೆ. ಮೊದಲಿಂದ ಕೊನೆವರೆಗೆ ಒಬ್ಬರೇ ಮಾಡಿ. ಆಗದಿದ್ದರೆ ಯಾವತ್ತು ಯಾರು ಮಾಡಿದರು ಅಂತ ದಿನಚರಿಯಲ್ಲಿ ಬರೆದಿಡಿ.

ಹೆಜ್ಜೆ 6: ಚಕ್ರ ನೋಡಬೇಕಾ?

ಎಲ್ಲರೂ ನೋಡಬೇಕಾಗಿಲ್ಲ. ಮೊದಲ ಪ್ರಶ್ನೆ ಕೇಳುವವರು ಹೆಣ್ಣಿಲಿಗಳನ್ನು ಹಾಗೇ ಗುಂಪುಗಳಿಗೆ ಚೀಟಿ ಎತ್ತಿ ಹಂಚಿದರೆ ಸಾಕು. ಹಾರ್ಮೋನಿಗೂ ಔಷಧಕ್ಕೂ ಸಂಬಂಧ ಇದೆ ಅನ್ನುವ ಗುಮಾನಿ ಇದ್ದರೆ ಮಾತ್ರ ನೋಡಿ.

ನಮ್ಮ ಬೀದರ್ ಕಡೆಯ ರೈತ ದೇವಣಿ ಹಸು ಬೆದೆಗೆ ಬಂದದ್ದನ್ನು ಕೂಗು ಕೇಳಿಯೇ ಹೇಳುತ್ತಾನೆ. ಇಲಿಗೆ ಸ್ಲೈಡ್ ಬೇಕು. ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆ ಒಂಬತ್ತು ಅಂದರೆ ಒಂಬತ್ತಕ್ಕೆ ಮಾಡಿ. ಡ್ರಾಪರಿನಲ್ಲಿ ಎರಡು ಹನಿ ಸಲೈನ್ ತೆಗೆದುಕೊಳ್ಳಿ. ತುದಿ ಮೊಂಡಾಗಿರಲಿ. ಯೋನಿಯ ಬಾಯಲ್ಲಿ ಮೆಲ್ಲಗೆ ಬಿಟ್ಟು, ಅದನ್ನೇ ವಾಪಸ್ ಎಳೆದುಕೊಂಡು ಸ್ಲೈಡ್ ಮೇಲೆ ಹಾಕಿ. ಒಳಗೆ ಆಳಕ್ಕೆ ತಳ್ಳಬೇಡಿ. ಗರ್ಭಕೋಶದ ಬಾಯಿಗೆ ತಾಗಿದರೆ ಇಲಿಯ ಮೈ ತಾನು ಬಸಿರು ಅಂದುಕೊಳ್ಳುತ್ತದೆ, ಸುಮಾರು ಎರಡು ವಾರ ಚಕ್ರ ಬಂದ್. ಒಣಗಿದ ಮೇಲೆ ಮೆಥಿಲೀನ್ ಬ್ಲೂ ಹಾಕಿ, ಮೈಕ್ರೋಸ್ಕೋಪಿಗೆ ಇಡಿ.

ಕಾಣುವುದು ಮೂರೇ ಥರದ ಕೋಶ. ದ್ರಾಕ್ಷಿ ಗೊಂಚಲಿನ ಹಾಗೆ ದುಂಡಗೆ, ನಡುವೆ ಬೀಜ (ಕೋಶಕೇಂದ್ರ) ಇರುವವು ತುಂಬಿದ್ದರೆ ಪ್ರೊಈಸ್ಟ್ರಸ್, ಅಂದರೆ ಬೆದೆಗೆ ಮೊದಲಿನ ಹೊತ್ತು. ಅದು ಅರ್ಧ ದಿನ ಇರುತ್ತದೆ ಅಷ್ಟೆ. ಅವಲಕ್ಕಿ ಚೆಲ್ಲಿದ ಹಾಗೆ ಚಪ್ಪಟೆ, ಒರಟು ಅಂಚಿನ, ಬೀಜವಿಲ್ಲದ ಕೋಶ ಇದ್ದರೆ ಈಸ್ಟ್ರಸ್, ಬೆದೆ. ಸಾಸಿವೆ ಎರಚಿದ ಹಾಗೆ ಸಣ್ಣ ಬಿಳಿ ರಕ್ತಕಣಗಳೇ ತುಂಬಿದ್ದರೆ ಡೈಈಸ್ಟ್ರಸ್, ಚಕ್ರದ ಅರ್ಧಭಾಗ ಇದೇ. ಮೂರೂ ಕಲಸಿದ್ದರೆ ನಡುವಿನ ಮೆಟಈಸ್ಟ್ರಸ್. ಎರಡು ವಾರ ದಿನಾ ನೋಡಿದರೆ ಕಣ್ಣಿಗೆ ಹಿಡಿಯುತ್ತದೆ. ಅಂದಹಾಗೆ, ಸ್ಟಾಕರ್ಡ್ ಮತ್ತು ಪಾಪನಿಕೊಲೌ ಈ ವಿಧಾನವನ್ನು 1917ರಲ್ಲಿ ಗಿನಿಪಿಗ್‌ನಲ್ಲಿ ತೋರಿಸಿದರು. ಹೆಂಗಸರ ಕ್ಯಾನ್ಸರ್ ತಪಾಸಣೆಯ ಪ್ಯಾಪ್ ಪರೀಕ್ಷೆ ಅದೇ ಪಾಪನಿಕೊಲೌ ಹೆಸರಿನದ್ದು.

ಒಂದು ನ್ಯಾಯದ ಮಾತು. ಹೆಣ್ಣನ್ನು ದಿನಾ ಹಿಡಿದು ಎತ್ತುತ್ತೀರಿ, ಗಂಡು ಆರಾಮಾಗಿ ಮಲಗಿರುತ್ತದೆ. ಹಿಡಿಯುವುದೇ ಒಂದು ಒತ್ತಡ. ಗಂಡನ್ನೂ ಅಷ್ಟೇ ಹೊತ್ತು ಎತ್ತಿ, ಬಾಲದ ಬುಡಕ್ಕೆ ಸಲೈನ್ ಮುಟ್ಟಿಸಿ ಇಡಿ.

ಹೆಜ್ಜೆ 7: ಡೋಸ್ ಒಂದೇ ಆದರೂ ರಕ್ತಕ್ಕೆ ಸೇರಿದ್ದು ಒಂದೇನಾ?

ನಿದ್ದೆ ಔಷಧದ ಪ್ರಾಕ್ಟಿಕಲ್ ಮಾಡಿದವರಿಗೆ ಇದು ಗೊತ್ತು. ಹೆಕ್ಸೊಬಾರ್ಬಿಟಾಲ್‌ನಂಥ ಬಾರ್ಬಿಟ್ಯುರೇಟ್ ಅನ್ನು ಅದೇ ಮಿ.ಗ್ರಾಂ ಲೆಕ್ಕದಲ್ಲಿ ಕೊಟ್ಟರೂ ಹೆಣ್ಣಿಲಿ ಗಂಡಿಗಿಂತ ಬಹಳ ಹೊತ್ತು ಮಲಗುತ್ತದೆ. 1930ರ ದಶಕದಿಂದಲೇ ಗೊತ್ತಿರುವ ಸಂಗತಿ. ಮಿದುಳು ಬೇರೆ ಅಂತಲ್ಲ, ಲಿವರ್ ಬೇರೆ. ಗಂಡಿಲಿಯ ಲಿವರಿನಲ್ಲಿ ಸಿವೈಪಿ2ಸಿ11 ಅನ್ನುವ ಕಿಣ್ವ ತುಂಬಿರುತ್ತದೆ, ಔಷಧವನ್ನು ಬೇಗ ಒಡೆದು ಹಾಕುತ್ತದೆ. ಗಂಡಿನಲ್ಲಿ ಬೆಳವಣಿಗೆಯ ಹಾರ್ಮೋನ್ ಅಲೆ ಅಲೆಯಾಗಿ ಬರುತ್ತದೆ, ಹೆಣ್ಣಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ. ಆ ಕಿಣ್ವದ ಅಂತರಕ್ಕೆ ಇದೇ ಕಾರಣ.

ಆದ್ದರಿಂದ ಹೆಣ್ಣಿನಲ್ಲಿ ಪರಿಣಾಮ ಜಾಸ್ತಿ ಕಂಡರೆ ಕೂಡಲೇ ‘ಮಿದುಳಿನ ಸಿರೊಟೊನಿನ್ ವ್ಯತ್ಯಾಸ’ ಅಂತ ಬರೆಯಬೇಡಿ. ರಕ್ತದಲ್ಲಿ ಎಷ್ಟಿದೆ ಅಂತ ಅಳೆಯಿರಿ. ಎಚ್‌ಪಿಎಲ್‌ಸಿ (ರಕ್ತದಲ್ಲಿರುವ ಔಷಧ ಅಳೆಯುವ ಯಂತ್ರ) ಇಲ್ಲದ ಕಡೆ ಕನಿಷ್ಠ ಎರಡು ಮೂರು ಡೋಸ್ ಇಡಿ. ಇನ್ನೊಂದು ವಿಷಯ: ಈ ಕಿಣ್ವದ ಅಂತರ ಇಲಿಗಳಲ್ಲಿ ಇರುವಷ್ಟು ಮನುಷ್ಯರಲ್ಲಿ ಇಲ್ಲ. ಇಲಿಯಲ್ಲಿ ಕಂಡದ್ದನ್ನು ಎತ್ತಿ ನಮ್ಮ ಅಕ್ಕ ತಂಗಿಯರಿಗೆ ಅಂಟಿಸುವ ಮುಂಚೆ ನೂರು ಸಲ ಯೋಚಿಸಬೇಕು.

ಡೋಸ್ ಸಾಲು ಇಟ್ಟರೆ ಏನು ಸಿಗುತ್ತದೆ ಅನ್ನುವುದಕ್ಕೆ ಕೆಟಮಿನ್ ಒಳ್ಳೆ ಉದಾಹರಣೆ. 2013ರಲ್ಲಿ ಕ್ಯಾರಿಯರ್ ಮತ್ತು ಕಬ್ಬಾಜ್ ಇಲಿಗಳಲ್ಲಿ ಮಾಡಿದ ಕೆಲಸ ನೋಡಿ. ಕೆ.ಜಿ.ಗೆ 5 ಮಿ.ಗ್ರಾಂ ಕೊಟ್ಟಾಗ ಎರಡೂ ಲಿಂಗ ಸ್ಪಂದಿಸಿದವು. 2.5ಕ್ಕೆ ಹೆಣ್ಣು ಮಾತ್ರ. ಅಂಡಾಶಯ ತೆಗೆದರೆ ಆ ಸೂಕ್ಷ್ಮತೆ ಹೋಯಿತು, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ಕೊಟ್ಟರೆ ವಾಪಸ್ ಬಂತು. 5 ಮಿ.ಗ್ರಾಂ ಒಂದೇ ಇಟ್ಟಿದ್ದರೆ ‘ವ್ಯತ್ಯಾಸ ಇಲ್ಲ’ ಅಂತ ಮುಗಿಸಿಬಿಡುತ್ತಿದ್ದರು.

ಮನುಷ್ಯರಲ್ಲಿ ಇದು ತಡವಾಗಿ ಗೊತ್ತಾದ ಕಥೆ ಜೋಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆಯದ್ದು. ರಾತ್ರಿ ನುಂಗಿದ ಹೆಂಗಸರ ರಕ್ತದಲ್ಲಿ ಬೆಳಿಗ್ಗೆಯೂ ಜಾಸ್ತಿ ಉಳಿದಿರುತ್ತಿತ್ತು, ಗಾಡಿ ಓಡಿಸುವಾಗ ಅಪಾಯ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೆಂಗಸರ ಡೋಸನ್ನು 10 ಮಿ.ಗ್ರಾಂನಿಂದ 5ಕ್ಕೆ ಇಳಿಸಲು ಹೇಳಿತು. ಆ ಮಾತ್ರೆ ಅಲ್ಲಿ ಮಾರುಕಟ್ಟೆಗೆ ಬಂದು ಆಗಲೇ ಇಪ್ಪತ್ತು ವರ್ಷ ಆಗಿತ್ತು. (ಇದನ್ನು ಓದಿ ಯಾರೂ ಮನೆಯಲ್ಲಿರುವ ಮಾತ್ರೆ ಮುರಿದು ನುಂಗಬೇಡಿ. ಡಾಕ್ಟರ್ ಹತ್ತಿರ ಕೇಳಿ.)

ಯಾವಾಗಲೂ ಗಂಡೇ ಸರಿ ಮಾದರಿ ಅನ್ನುವವರಿಗೆ ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡುವ ಓಲಾಂಜಪಿನ್ ತೋರಿಸಿ. ಈ ಮಾತ್ರೆ ತೆಗೆದುಕೊಳ್ಳುವ ಗಂಡಸರೂ ದಪ್ಪ ಆಗುತ್ತಾರೆ, ಹೆಂಗಸರೂ ಆಗುತ್ತಾರೆ. ಇಲಿಗಳಲ್ಲಿ ಮಾತ್ರ ತೂಕ ಚೆನ್ನಾಗಿ ಏರುವುದು ಹೆಣ್ಣಿಗೆ. ಗಂಡಿಲಿ ಏರುವುದೇ ಅಪರೂಪ. ಬರೀ ಗಂಡಿಲಿ ನೋಡಿದ್ದರೆ ಈ ಅಡ್ಡಪರಿಣಾಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಹೆಜ್ಜೆ 8: ಇಲಿ ಏನು ಮಾಡುತ್ತಿದೆ ಅಂತ ನೋಡಿ, ಅಂಕ ಹಾಕುವ ಫಾರ್ಮಿನಲ್ಲಿ ಏನಿದೆ ಅಂತಲ್ಲ

ನಮ್ಮ ಪರೀಕ್ಷೆಗಳನ್ನು ಬಹುಪಾಲು ಗಂಡಿಲಿ ನೋಡಿಯೇ ರೂಪಿಸಿದ್ದು. ಹಾಗಾಗಿ ಅಂಕ ಹಾಕುವ ಪದ್ಧತಿಯೂ ಗಂಡಿನ ಅಳತೆಯದ್ದು.

ಭಯದ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಒಂದು ಶಬ್ದ, ಹಿಂದೆಯೇ ಕಾಲಿಗೆ ಸಣ್ಣ ಶಾಕ್. ಮರುದಿನ ಶಬ್ದ ಕೇಳಿದ ಕೂಡಲೇ ಇಲಿ ಕಲ್ಲಾಗಿ ನಿಂತರೆ ಕಲಿತಿದೆ ಅಂತ ಅರ್ಥ. ಎಷ್ಟು ಸೆಕೆಂಡ್ ನಿಂತಿತು ಅನ್ನುವುದೇ ಅಂಕ. 2015ರಲ್ಲಿ ರೆಬೆಕಾ ಶಾನ್ಸ್ಕಿ ಅವರ ಲ್ಯಾಬಿನವರು ಕೂತು ಗಮನಿಸಿದರು: ಶಬ್ದ ಬಂದಾಗ ಕೆಲವು ಇಲಿಗಳು ನಿಲ್ಲುವುದಿಲ್ಲ, ಬಾಣದ ಹಾಗೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಚಿಮ್ಮುತ್ತವೆ. ಹಾಗೆ ಚಿಮ್ಮುವವುಗಳಲ್ಲಿ ಹೆಣ್ಣೇ ಬಹಳ. ಹಳೇ ಫಾರ್ಮಿನಲ್ಲಿ ಅದಕ್ಕೆ ಸೊನ್ನೆ. ಪಾಠ ಕಲಿತು ಓಡುತ್ತಿರುವ ಇಲಿಯನ್ನು ದಡ್ಡ ಅಂತ ಬರೆದ ಹಾಗಾಯಿತು. ಅಂಥ ಇಲಿಗೆ ಭಯ ಇಳಿಸುವ ಔಷಧ ಕೊಟ್ಟರೆ ಲೆಕ್ಕ ಏನಾಗಬೇಡ, ಯೋಚಿಸಿ.

ನೆಲದಿಂದ ಎತ್ತರದಲ್ಲಿಟ್ಟ ಪ್ಲಸ್ ಆಕಾರದ ಹಾದಿಯ (ಪ್ಲಸ್ ಮೇಝ್) ಪರೀಕ್ಷೆಯಲ್ಲೂ ಹೀಗೇ. ಅದರ ಎರಡು ತೋಳು ತೆರೆದಿರುತ್ತವೆ, ಎರಡಕ್ಕೆ ಗೋಡೆ ಇರುತ್ತದೆ; ತೆರೆದ ಕಡೆ ಹೋದರೆ ಭಯ ಕಡಿಮೆ ಅಂತ ಲೆಕ್ಕ. ಹೆಣ್ಣಿಲಿ ಸ್ವಭಾವತಃ ಓಡಾಟ ಜಾಸ್ತಿ. ತೆರೆದ ತೋಳಿಗೆ ಹೆಚ್ಚು ಸಲ ಹೋದದ್ದು ಧೈರ್ಯದಿಂದಲೋ ಓಡಾಟದ ಚಟದಿಂದಲೋ? ಮುಚ್ಚಿದ ತೋಳಿನ ಎಣಿಕೆಯನ್ನೂ ಬರೆಯಿರಿ, ಆಗ ತಿಳಿಯುತ್ತದೆ. ಇನ್ನು ನೀರಿನಲ್ಲಿ ಈಜಿಸುವ ಪರೀಕ್ಷೆ, 1977ರಲ್ಲಿ ಪೊರ್ಸೊಲ್ಟ್ ತಂದದ್ದು. ಇಲಿ ಕೈಕಾಲು ಬಡಿಯದೇ ತೇಲಿದರೆ ಅದು ‘ಹತಾಶೆ’ ಅನ್ನುತ್ತೇವೆ. ನನಗೆ ಈ ಹೆಸರಿನ ಮೇಲೆ ಮೊದಲಿನಿಂದಲೂ ಗುಮಾನಿ. ಶಕ್ತಿ ಉಳಿಸಿಕೊಳ್ಳೋಕೆ ತೇಲುವುದು ಜಾಣತನವೂ ಹೌದಲ್ವಾ? ಇದೊಂದೇ ಪರೀಕ್ಷೆ ನೆಚ್ಚಿಕೊಳ್ಳಬೇಡಿ. ವಿಡಿಯೋ ಮಾಡಿ ಇಟ್ಟುಕೊಳ್ಳಿ. ಅಂಕ ಹಾಕುವವರಿಗೆ ಯಾವ ಇಲಿಗೆ ಯಾವ ಔಷಧ ಅಂತ ಗೊತ್ತಿರಬಾರದು.

ಹೆಜ್ಜೆ 9: ಲೆಕ್ಕದಲ್ಲಿ ಜಾರಬೇಡಿ

ಒಂದು ಉದಾಹರಣೆ, ನಾನೇ ಕೈಯಿಂದ ಹಾಕಿದ ಅಂಕಿ. ಈಜಿನ ಪರೀಕ್ಷೆಯಲ್ಲಿ ಔಷಧ ಇಲ್ಲದ ಗಂಡು ಸರಾಸರಿ 180 ಸೆಕೆಂಡ್ ತೇಲಿತು, ಔಷಧ ಕೊಟ್ಟದ್ದು 140. ಇಳಿಕೆ 40, ಪಿ 0.03. (ಪಿ ಅಂದರೆ ಔಷಧಕ್ಕೆ ಗುಣವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ; 0.05ರ ಕೆಳಗಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ರೂಢಿ.) ಹೆಣ್ಣಿನಲ್ಲಿ 165 ಇದ್ದದ್ದು 135 ಆಯಿತು. ಇಳಿಕೆ 30, ಪಿ 0.09. ಪ್ರತಿ ಕಡೆ ಎಂಟೆಂಟು ಇಲಿ.

ಹತ್ತರಲ್ಲಿ ಒಂಬತ್ತು ಥೀಸಿಸ್ ಇಲ್ಲಿ ‘ಔಷಧ ಗಂಡಿನಲ್ಲಿ ಮಾತ್ರ ಕೆಲಸ ಮಾಡುತ್ತದೆ’ ಅಂತ ಬರೆಯುತ್ತದೆ. ಯಾಕೆಂದರೆ ಒಂದು 0.05ರ ಕೆಳಗಿದೆ, ಇನ್ನೊಂದು ಮೇಲಿದೆ. ಆದರೆ 40ಕ್ಕೂ 30ಕ್ಕೂ ಇರುವ ಅಂತರ ಹತ್ತೇ ಸೆಕೆಂಡ್. ಆ ಹತ್ತು ನಿಜವಾದ ಅಂತರವೇ ಅಂತ ಕೇಳಬೇಕಾದರೆ ಅನೋವಾದಲ್ಲಿ ‘ಲಿಂಗ × ಔಷಧ’ ಅನ್ನುವ ಸಾಲು ನೋಡಬೇಕು. ಈ ಅಂಕಿಗೆ ಅಲ್ಲಿ ಪಿ 0.6ರ ಮೇಲೆ ಬರುತ್ತದೆ, ಅಂದರೆ ವ್ಯತ್ಯಾಸಕ್ಕೆ ಪುರಾವೆ ಇಲ್ಲ. ಎರಡೂ ಲಿಂಗ ಸೇರಿಸಿದರೆ ಸರಾಸರಿ 35 ಸೆಕೆಂಡ್ ಇಳಿಕೆ, ಪಿ 0.01ಕ್ಕಿಂತ ಕಡಿಮೆ. ಔಷಧ ಕೆಲಸ ಮಾಡಿದೆ ಅನ್ನುವುದೇ ಸರಿಯಾದ ಉತ್ತರ. ದೊಡ್ಡ ದೊಡ್ಡ ಜರ್ನಲ್‌ಗಳಲ್ಲೂ ಈ ತಪ್ಪು ಬೇಕಾದಷ್ಟಿದೆ ಅಂತ 2021ರಲ್ಲಿ ಗಾರ್ಸಿಯಾ-ಸಿಫ್ಯುಎಂಟೆಸ್ ಮತ್ತು ಮೇನಿ ಪಟ್ಟಿ ಮಾಡಿ ತೋರಿಸಿದ್ದಾರೆ. ನಾವೊಬ್ಬರೇ ಅಲ್ಲ, ಸಮಾಧಾನ.

ಹೆಜ್ಜೆ 10: ಬರೆಯುವಾಗ

ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಲಿಂಗ ಹೇಳಿ. ಗಂಡನ್ನು ಮಾತ್ರ ಬಳಸಿದ್ದರೆ ಅದನ್ನೂ ಅಲ್ಲೇ ಹೇಳಿ, ಮುಚ್ಚಿಡಬೇಡಿ. ವ್ಯತ್ಯಾಸ ಇಲ್ಲದಿದ್ದರೂ ಗಂಡಿನ ಅಂಕಿ ಬೇರೆ, ಹೆಣ್ಣಿನ ಅಂಕಿ ಬೇರೆ ಟೇಬಲ್ ಮಾಡಿ ಕೊಡಿ. ನಿಮ್ಮ ನಾಲ್ಕು-ನಾಲ್ಕು ಇಲಿಯಿಂದ ಏನೂ ಸಾಬೀತಾಗದಿರಬಹುದು, ಆದರೆ ನಾಳೆ ಯಾರೋ ಹತ್ತು ಥೀಸಿಸ್ ಒಟ್ಟು ಸೇರಿಸಿ ನೋಡುವಾಗ ಆ ಅಂಕಿ ಬೇಕಾಗುತ್ತದೆ. ಗ್ರಾಫಿನಲ್ಲಿ ಬರೀ ಕಂಬ ನಿಲ್ಲಿಸದೇ ಒಂದೊಂದು ಇಲಿಗೂ ಒಂದು ಚುಕ್ಕೆ ಇಡಿ, ಗಂಡಿಗೆ ಒಂದು ಬಣ್ಣ, ಹೆಣ್ಣಿಗೆ ಒಂದು.

ಆ ಹುಡುಗಿ ಮರುವಾರ ಹೊಸ ಸಿನಾಪ್ಸಿಸ್ ತಂದಳು. ನಾಲ್ಕು ಗುಂಪು, ಎಂಟೆಂಟು, ವಯಸ್ಸು ವಾರದಲ್ಲಿ. “ಇಷ್ಟೆಲ್ಲಾ ಟೇಬಲ್ ಎಲ್ಲಿ ಹಾಕ್ಲಿರೀ ಮೇಡಂ, ಥೀಸಿಸ್ ದಪ್ಪ ಆಗ್ತದ” ಅಂದಳು. ಅರ್ಧ ಪುಟ ಸಾಕು. ಅನುಬಂಧದಲ್ಲಿ, ಗಿಡ ಗುರುತಿಸಿಕೊಟ್ಟ ಸರ್ಟಿಫಿಕೇಟಿನ ಹಿಂದೆ ಹಾಕು ಅಂದೆ.